ಡಿಸ್ಲೆಕ್ಸಿಯಾ ಇರುವ ಮಗುವಿಗೆ ಯಾವ ಶಾಲೆ?

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ‘ಘರ್ಷಣೆ’ ಪಾಠ ಮಾಡುತ್ತಿದ್ದೆ. ಸೈಕಲ್ ಟೈರಿನ ಮೇಲೆ ಗೀರುಗಳೇಕೆ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಸವೆದ ಟೈರು ಮಳೆಯಲ್ಲಿ ಜಾರುವುದನ್ನೂ ಸೇರಿಸಿ ಚೆನ್ನಾಗಿ ವಿವರಿಸಿದ. ಖುಷಿಯಾಗಿ ಅವನಿಗೇ ಪುಸ್ತಕ ಓದಲು ಹೇಳಿದೆ. ಮೊದಲ ಪದದಲ್ಲೇ ತಡವರಿಸಿ ನಿಂತ. ತರಗತಿ ನಕ್ಕಿತು. ಘಟಕ ಪರೀಕ್ಷೆಯಲ್ಲಿ ಅವನಿಗೆ 25ಕ್ಕೆ 4 ಅಂಕ. ಅವನಿಗೆ ಡಿಸ್ಲೆಕ್ಸಿಯಾ ಇರುವುದು ಹಿಂದಿನ ವರ್ಷವೇ ತಪಾಸಣೆಯಲ್ಲಿ ಗೊತ್ತಾಗಿತ್ತು. ನನಗೆ ತಿಳಿದದ್ದು ಅವನ ತಾಯಿ ಬಂದು ಕೇಳಿದಾಗ: “ಟೀಚರ್, ಇವನನ್ನ ಬೇರೆ ಶಾಲೆಗೆ ಹಾಕಬೇಕಾ? ಯಾವ ಶಾಲೆ ಅಂತ ನೀವೇ ಹೇಳಿ.” ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಡಿಸ್ಲೆಕ್ಸಿಯಾ ಬುದ್ಧಿಯ ಕೊರತೆಯಲ್ಲ. ಅಕ್ಷರವನ್ನು ಅದರ ಧ್ವನಿಯೊಂದಿಗೆ ಬೇಗ, ತಪ್ಪಿಲ್ಲದೆ ಹೊಂದಿಸುವಲ್ಲಿನ ತೊಡಕು. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಈ ತೊಡಕು ಇಲ್ಲವೆಂದು ಭಾವಿಸಬಾರದು. ‘ಘರ್ಷಣೆ’ಯಲ್ಲಿ ಮೊದಲು ಉಚ್ಚರಿಸುವ ‘ರ್’ ಬರವಣಿಗೆಯಲ್ಲಿ ‘ಷ’ದ ನಂತರ ಬರುತ್ತದೆ. ಅಲ್ಪಪ್ರಾಣ–ಮಹಾಪ್ರಾಣ, ಒತ್ತಕ್ಷರಗಳಲ್ಲೂ ಇಂತಹ ಮಕ್ಕಳು ಎಡವುತ್ತಾರೆ. ಇದನ್ನು ನಿರ್ಣಯಿಸುವುದು ತಜ್ಞರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದರ ತಪಾಸಣೆಯಿದೆ. ಗಮನಿಸಿ ದಾಖಲಿಸುವುದು ಶಿಕ್ಷಕರ ಕೆಲಸ.

ಶಾಲೆ ಆರಿಸುವಾಗ ಪೋಷಕರು ಕೇಳಬೇಕಾದ ಪ್ರಶ್ನೆಗಳು ನಾಲ್ಕು.

1. ಬೋಧನಾ ಮಾಧ್ಯಮ ಯಾವುದು? ಇಂಗ್ಲಿಷಿನಲ್ಲಿ ಕಾಗುಣಿತಕ್ಕೂ ಉಚ್ಚಾರಕ್ಕೂ ಹೊಂದಿಕೆ ಕಡಿಮೆ. ಮನೆಮಾತು ಕನ್ನಡವಾಗಿರುವ ಮಗುವಿನ ಮಾಧ್ಯಮ ಬದಲಿಸಿದರೆ ಹೊರೆ ಹೆಚ್ಚಬಹುದು.

2. ಓದು ಕಲಿಸಲು ಪ್ರತ್ಯೇಕ ಸಮಯವಿದೆಯೇ? ವಾರದಲ್ಲಿ ಎಷ್ಟು ದಿನ, ಯಾರು, ಎಷ್ಟು ಮಕ್ಕಳ ಗುಂಪಿಗೆ? ಧ್ವನಿಯಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ ಕ್ರಮವಾಗಿ ಕಲಿಸಬೇಕು. ಅದೇ ಪಾಠವನ್ನು ಹತ್ತು ಸಲ ಬರೆಸುವುದು ಪರಿಹಾರ ಬೋಧನೆಯಲ್ಲ.

3. ಪರೀಕ್ಷೆಯಲ್ಲಿ ಏನು ಅನುಕೂಲ? ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಒಳಗೊಂಡಿದೆ. ಹೆಚ್ಚುವರಿ ಸಮಯ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿಯಂತಹ ಮಾರ್ಪಾಡುಗಳನ್ನು ಅದರ 17ನೇ ಪ್ರಕರಣ ಹೇಳುತ್ತದೆ. ಶಾಲೆಯವರಿಗೆ ಇದು ಗೊತ್ತಿದೆಯೇ, ಅರ್ಜಿ ಹಾಕಲು ನೆರವಾಗುತ್ತಾರೆಯೇ ಎಂದು ವಿಚಾರಿಸಬೇಕು.

4. ತರಗತಿಯಲ್ಲಿ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಸಿದ್ಧತೆಯಿಲ್ಲದೆ ಗಟ್ಟಿಯಾಗಿ ಓದಿಸುತ್ತಾರೆಯೇ? ವಿಜ್ಞಾನದ ಉತ್ತರದಲ್ಲಿ ಕಾಗುಣಿತ ತಪ್ಪಿಗೂ ಅಂಕ ಕಳೆಯುತ್ತಾರೆಯೇ? ಬೇಗ ಬರೆಯಲಿಲ್ಲವೆಂದು ಆಟದ ಅವಧಿ ಕಸಿಯುತ್ತಾರೆಯೇ?

ವಿಶೇಷ ಶಾಲೆ ಕೆಲವು ಮಕ್ಕಳಿಗೆ ಅಗತ್ಯವಾಗಬಹುದು. ಅಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು: ಮಗು ಸಾಮಾನ್ಯ ಶಾಲೆಗೆ ಮರಳುವುದು ಯಾವಾಗ, ಹೇಗೆ?

ಮುಂದಿನ ವಾರ ಆ ತಾಯಿಗೆ, ಈ ಪ್ರಶ್ನೆಗಳನ್ನು ಮೊದಲು ಈಗಿನ ಶಾಲೆಯಲ್ಲೇ ಕೇಳಿ ಎಂದೆ. ನಾಲ್ಕನೆಯದಕ್ಕೆ ಉತ್ತರಿಸಬೇಕಾದವರಲ್ಲಿ ನಾನೂ ಒಬ್ಬ. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಅದೇ ಪ್ರಶ್ನೆಗಳನ್ನು ಆ ಹುಡುಗನಿಗೆ ಬಾಯಲ್ಲಿ ಕೇಳಿದೆ. 25ಕ್ಕೆ 17 ಬಂತು. ಈಗ ನನ್ನ ಪಾಠಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ ಬರವಣಿಗೆಯ ಪಕ್ಕದಲ್ಲಿ ಮೌಖಿಕ ಉತ್ತರಕ್ಕೂ ಜಾಗವಿದೆ.