ಒಂದೇ ಗೋಡೆ, ಎರಡು ಮನೆ: ಮಾಳಿಗೆಮನೆಗಳ ಕಟ್ಟಡ ವಿದ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಸೀಮೆಯ ಹಳೆಯ ಓಣಿಗಳಲ್ಲಿ ಬಿಡಿಯಾಗಿ ನಿಂತ ಮನೆಗಳು ವಿರಳ. ಒಂದರ ಬದಿಗೋಡೆಯೇ ಮತ್ತೊಂದರ ಬದಿಗೋಡೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸಿ, ಒಂದು ಮನೆಯನ್ನು ಎರಡು ತಲೆಬಾಗಿಲುಗಳ ಜೋಡಿಮನೆಯಾಗಿಸಿದ ನಿದರ್ಶನಗಳೂ ಉಂಟು.

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ನಗರಗಳ ಹೊರವಲಯದಲ್ಲಿಯೂ ಇಂತಹ ಜೋಡಿಮನೆಗಳು ಸಾಲುಗಟ್ಟಿ ಎದ್ದವು. ಅಲ್ಲಿ ರೈಲುಮಾರ್ಗದ ವಿಸ್ತರಣೆ ಮತ್ತು ನಿವೇಶನದ ಬೆಲೆ ಅದಕ್ಕೆ ಪ್ರೇರಣೆ; ಇಲ್ಲಿ ಬಂಧುತ್ವ, ಭದ್ರತೆ ಮತ್ತು ಬಿಸಿಲು. ಪಾಲುಗೋಡೆಗೆ ನೇರ ಬಿಸಿಲು ತಾಗದು. ಆದ್ದರಿಂದ ಬೇಸಿಗೆಯಲ್ಲಿಯೂ ಒಳಗೆ ತಂಪು. ಅಲ್ಲಿನ ಸೂರು ಮಳೆಗೆ ಅಂಜಿದ ಇಳಿಜಾರು; ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ನಮ್ಮಲ್ಲಿ ಸಮತಟ್ಟಾದ ಮಣ್ಣಿನ ಮಾಳಿಗೆ.

ಅಂಕಣದ ಲೆಕ್ಕ

ಮನೆಯ ವಿಸ್ತಾರವನ್ನು ಅಂಕಣಗಳಲ್ಲಿ ಹೇಳುವುದು ವಾಡಿಕೆ. ನಾಲ್ಕು ಕಂಬಗಳ ನಡುವಣ ಅವಕಾಶವೇ ಒಂದು ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ ಹೊದಿಸಿ, ಬೇವಿನ ಸೊಪ್ಪು ಹರಡಿ, ಮಣ್ಣು ಸುರಿದು ಬಡಿದು ಗಟ್ಟಿಗೊಳಿಸುತ್ತಾರೆ. ಕಿಟಕಿಗೆ ಎಡೆಯಿಲ್ಲದ ಪಾಲುಗೋಡೆಯ ಕೊರತೆಯನ್ನು ಮಾಳಿಗೆಯ ಬೆಳಕಿಂಡಿ ನೀಗಿಸುತ್ತದೆ.

ಮಾಳಿಗೆಗೆ ಕರಿಮಣ್ಣು ಸಲ್ಲದು. ಅದು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಅದಕ್ಕಾಗಿಯೇ ಮೇಲುಪದರಕ್ಕೆ ಬೆಳೆಗೆ ಬಾರದ ಸವಳು ಮಣ್ಣನ್ನು ಆರಿಸಿಕೊಂಡರು. ಅದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ಮಳೆನೀರಿನಲ್ಲಿ ಬಿಡಿಬಿಡಿಯಾಗಿ ಚದುರಿ, ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ದೋಣಿಯತ್ತ ಹರಿಯುತ್ತದೆ. ಹೊಲದಲ್ಲಿ ದೋಷವಾದುದು ಮಾಳಿಗೆಯ ಮೇಲೆ ಗುಣವಾಯಿತು.

ಭಾರವೇ ಶತ್ರು

ಹದಿನೈದು ಸೆಂ.ಮೀ. ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಹಳೆಯ ಪದರವನ್ನು ಕೆರೆಯದೆ ಪ್ರತಿವರ್ಷ ಹೊಸ ಮಣ್ಣು ಹಾಕುತ್ತ ಹೋದರೆ ಈ ಭಾರ ಕೆಲವೇ ವರ್ಷಗಳಲ್ಲಿ ಇಮ್ಮಡಿಯಾದೀತು. ನಾಲ್ಕಾರು ದಿನ ಬಿಡದೆ ಮಳೆ ಹಿಡಿದರೆ ನೀರಿನ ತೂಕವೂ ಕೂಡಿಕೊಳ್ಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಅಪಾರ ಸಂಖ್ಯೆಯಲ್ಲಿ ನೆಲಕಚ್ಚಿದ್ದನ್ನು ಓದುಗರು ಮರೆತಿರಲಾರರು. 2020ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹ ಇಂಡಿ, ಸಿಂದಗಿ ಭಾಗದ ನದಿತೀರಗಳಿಗೆ ಅದೇ ಸಂಕಟವನ್ನು ಮರಳಿ ತಂದಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂಬ-ತೊಲೆಗಳ ಮನೆಯಲ್ಲಿ ಮಾಳಿಗೆಯ ಭಾರವನ್ನು ಮರವೇ ಹೊರುತ್ತದೆ. ಗೋಡೆ ಜರಿದರೂ ಒಳಗಿನವರಿಗೆ ಹೊರಬರಲು ಸಮಯ ದೊರೆಯಬಹುದು. ಕಂಬವಿಲ್ಲದ ಬಡವರ ಮನೆಯಲ್ಲಿ ಜಂತಿಗಳು ನೇರವಾಗಿ ಗೋಡೆಯ ಮೇಲೆಯೇ ಕೂತಿರುತ್ತವೆ; ಗೋಡೆ ಬಿದ್ದರೆ ಸೂರೂ ಬಿದ್ದಂತೆ.

ಅರ್ಧ ಕೆಡವುವ ಮುನ್ನ

ಜೋಡಿಮನೆಯ ಒಬ್ಬ ಪಾಲುದಾರ ತನ್ನ ಭಾಗವನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ಅಪಾಯ ಎದುರಾಗುತ್ತದೆ. ಎರಡೂ ಬದಿಯ ಜಂತಿಗಳು ಒಂದೇ ಗೋಡೆಯಲ್ಲಿ ನಾಟಿಕೊಂಡಿದ್ದರೆ, ಒಂದು ಬದಿಯ ಜಂತಿ ಕಿತ್ತಾಗ ಗೋಡೆ ಸಡಿಲಗೊಳ್ಳುತ್ತದೆ. ಅದುವರೆಗೆ ಸೂರಿನಡಿ ಇದ್ದ ಅದರ ಒಂದು ಮೈ ಮಳೆಗೆ ತೆರೆದುಕೊಳ್ಳುತ್ತದೆ. ಹೊಸ ಮನೆಗೆ ಆಳವಾಗಿ ಪಾಯ ತೋಡಿದರೆ ಗೋಡೆಯ ಬುಡವೂ ಅಲುಗಬಹುದು.

ಆದುದರಿಂದ ಕೆಡವುವ ಮೊದಲು ನೆರೆಮನೆಯ ಜಂತಿಗಳಿಗೆ ಆಸರೆ ಕೊಡುವುದು, ಕೆಲಸವನ್ನು ಮಳೆಗಾಲಕ್ಕೆ ಮುನ್ನವೇ ಮುಗಿಸುವುದು, ತೆರೆದ ಗೋಡೆಗೆ ಗಿಲಾವು ಮಾಡುವುದು, ಹೊಸ ತಾರಸಿಯ ನೀರು ಹಳೆಯ ಮಾಳಿಗೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಅವಶ್ಯ. ಮಾಳಿಗೆಮನೆಯಲ್ಲಿಯೇ ಉಳಿದವರು ಮೃಗಶಿರಾ ಮಳೆಗೆ ಮೊದಲೇ ಹಳೆಯ ಪದರ ಕೆರೆದು, ದೋಣಿ ಸ್ವಚ್ಛಗೊಳಿಸಿ, ಜಂತಿಯ ತುದಿಗಳನ್ನು ಪರೀಕ್ಷಿಸಬೇಕು. ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಲಡ್ಡಾಗುವುದು.

ಆಸ್ತಿ ಪಾಲಾಗಿ ಮನೆ ಎರಡಾಗಿರಬಹುದು. ನಡುವಿನ ಗೋಡೆ ಮಾತ್ರ ಇಂದಿಗೂ ಒಂದೇ. ಅದರ ಜೋಪಾನವೂ ಇಬ್ಬರದು.