ಗಣನೆಯೂ ನಿರ್ಮಾಣವೂ: ಬೀದರ ಸೀಮೆಯ ಗಣಿತಜ್ಞರು ಮತ್ತು ಜಲಶಿಲ್ಪಿಗಳು

ಕೆಂಪು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ ನೆಲೆಗೊಂಡ ಬೀದರ ನಗರ, ಮಾಂಜ್ರಾ ನದಿಯ ಕರಿಮಣ್ಣಿನ ಬಯಲಿನಲ್ಲಿ ಹರಡಿದ ಭಾಲ್ಕಿ, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಎಲ್ಲೆಗೆ ತಾಗಿಕೊಂಡ ಔರಾದ, ಈ ಮೂರೂ ಕೂಡಿದ ಸೀಮೆಯು ತನ್ನ ಕೋಟೆಗಳಿಗಾಗಿಯೂ ಬಿದರಿ ಕಲೆಗಾಗಿಯೂ ಪ್ರಖ್ಯಾತವಾಗಿದೆ. ಆದರೆ ಸಂಖ್ಯೆಯನ್ನು ಚಿಂತಿಸಿದ ಪಂಡಿತರ ವಿದ್ಯೆಯೂ ನೀರನ್ನು ನಡೆಸಿದ ಶಿಲ್ಪಿಗಳ ವಿದ್ಯೆಯೂ ಒಂದಕ್ಕೊಂದು ಆಸರೆಯಾಗಿ ಬೆಳೆದುದನ್ನು ಈ ನೆಲದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣುವ ಸ್ಥಳಗಳು ವಿರಳವೆಂಬುದನ್ನು ನಮ್ಮವರೇ ಸಾಕಷ್ಟು ಅರಿತಿಲ್ಲ. ಗಣಿತವು ಕೇವಲ ಬುದ್ಧಿಯ ವಿಲಾಸವಲ್ಲ, ನಿರ್ಮಾಣವು ಕೇವಲ ಕೈಯ ಚಾತುರ್ಯವಲ್ಲ ಎಂಬ ಸತ್ಯವನ್ನು ಈ ಸೀಮೆಯ ಚರಿತ್ರೆಯ ಮೂಲಕ ತಿಳಿಸುವುದೇ ಈ ಅಧ್ಯಾಯದ ಉದ್ದೇಶ.

ಮಹಾವೀರನೂ ಭಾಸ್ಕರನೂ

ಭಾಲ್ಕಿಯ ನೆರೆಯ ಲಾತೂರು, ಶಾಸನಗಳಲ್ಲಿ ಲಟ್ಟಲೂರೆಂದು ಹೇಳಲ್ಪಟ್ಟು, ರಾಷ್ಟ್ರಕೂಟ ಅರಸರ ಮೂಲಸ್ಥಾನವೆಂದು ಪ್ರಸಿದ್ಧವಾದ ಊರು. ಆ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನಪಂಡಿತನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದುವರೆಗೆ ಬಹುಮಟ್ಟಿಗೆ ಜ್ಯೋತಿಷ ಸಿದ್ಧಾಂತಗ್ರಂಥಗಳ ಒಂದು ಅಂಗವಾಗಿ ಬರುತ್ತಿದ್ದ ಗಣಿತವನ್ನು ಪ್ರತ್ಯೇಕಿಸಿ, ಅದಕ್ಕೆಂದೇ ಒಂದು ಸಮಗ್ರ ಗ್ರಂಥವನ್ನು ಮೀಸಲಿಟ್ಟದ್ದು ಆತನ ಹಿರಿಮೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆತನು ನಿಸ್ಸಂದಿಗ್ಧವಾಗಿ ಹೇಳಿದನು. 27994681ನ್ನು 441ರಿಂದ ಗುಣಿಸಿದರೆ 12345654321 ಎಂಬ, ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಬಹುದಾದ ಅಂಕಮಾಲೆ ದೊರೆಯುವುದೆಂದು ತೋರಿಸಿದನು. ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮಿಗಿಲಾದುದು ಆತನ ದೃಷ್ಟಿ. ಗ್ರಂಥದ ಆರಂಭದಲ್ಲಿ ಗಣಿತದ ಪ್ರಯೋಜನಗಳನ್ನು ಎಣಿಸುತ್ತ, ಸಂಗೀತ, ವೈದ್ಯ, ಪಾಕಶಾಸ್ತ್ರಗಳ ಜೊತೆಗೆ ವಾಸ್ತುವಿದ್ಯೆಯನ್ನೂ ಆತನು ಹೆಸರಿಸಿದ್ದಾನೆ; ನೆಲವನ್ನು ಅಗೆಯುವ ಖಾತದ ಲೆಕ್ಕಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ.

ಮಹಾವೀರನ ತರುವಾಯ ಮೂರು ಶತಮಾನಗಳಿಗೆ ಬಂದ ಭಾಸ್ಕರಾಚಾರ್ಯನ ಜನನ 1114ರಲ್ಲಿ. ಮೂವತ್ತಾರನೆಯ ವಯಸ್ಸಿನಲ್ಲಿ, ಎಂದರೆ 1150ರಲ್ಲಿ, ಆತನು 'ಸಿದ್ಧಾಂತಶಿರೋಮಣಿ'ಯನ್ನು ಪೂರೈಸಿದನು. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವೆಂಬುದು ತನ್ನ ಊರೆಂದು ಆಚಾರ್ಯನೇ ಹೇಳಿಕೊಂಡಿದ್ದಾನೆ. ಆದರೆ ಅದು ಯಾವುದೆಂಬ ವಿಚಾರದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಅಕ್ಬರನ ಆಸ್ಥಾನಕವಿಯಾದ ಫೈಜಿಯು 1587ರಲ್ಲಿ ಭಾಸ್ಕರನ 'ಲೀಲಾವತಿ'ಯನ್ನು ಪಾರಸಿ ಭಾಷೆಗೆ ಪರಿವರ್ತಿಸಿದಾಗ, ಗ್ರಂಥಕಾರನ ಜನ್ಮಭೂಮಿಯು ದಖ್ಖಣದ ಬೀದರವೆಂದು ಪೀಠಿಕೆಯಲ್ಲಿ ಬರೆದನು. ಬಿಜಾಪುರ, ಬೀಡ್, ಚಾಳೀಸಗಾಂವ್ ಬಳಿಯ ಪಾಟಣ ಎಂಬ ಬೇರೆ ಪಕ್ಷಗಳೂ ಪ್ರಬಲವಾಗಿರುವುದರಿಂದ ಆತನನ್ನು ನಮ್ಮೂರಿನವನೆಂದು ಸಾಧಿಸಹೊರಡುವುದು ಉಚಿತವಲ್ಲ. ಈ ಪ್ರಸ್ಥಭೂಮಿಯ ವಿದ್ಯಾಪರಂಪರೆಯಲ್ಲಿ ಅರಳಿದ ಪ್ರತಿಭೆಯೆಂದು ಗೌರವಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೊಂದು ವರ್ಗಸಂಖ್ಯೆಯೇ ಬರಬೇಕು. ಆ ಎರಡು ಸಂಖ್ಯೆಗಳ ಮೂಲಗಳಾವುವು? 1657ರಲ್ಲಿ ಫ್ರಾನ್ಸಿನ ಫರ್ಮಾ ತನ್ನ ಕಾಲದ ಗಣಿತಜ್ಞರಿಗೆ ಒಡ್ಡಿದ ಈ ಪ್ರಶ್ನೆಗೆ, 226153980 ಮತ್ತು 1766319049 ಎಂಬ ಉತ್ತರವನ್ನು ಭಾಸ್ಕರನು ಚಕ್ರವಾಲ ವಿಧಾನದಿಂದ ಐದು ಶತಮಾನಗಳಿಗೆ ಮೊದಲೇ ಪಡೆದಿದ್ದನು. ಇಷ್ಟು ಸೂಕ್ಷ್ಮವಾದ ಬುದ್ಧಿಯೇ 'ಲೀಲಾವತಿ'ಯ ಖಾತವ್ಯವಹಾರದಲ್ಲಿ ಮಣ್ಣು ಅಗೆಯುವವನ ಕಷ್ಟವನ್ನೂ ಗಮನಿಸಿತು. ತೋಡಿದ ಹಳ್ಳದ ಉದ್ದ, ಅಗಲ, ಆಳಗಳು ಎಲ್ಲೆಡೆ ಸಮನಾಗಿರದಿದ್ದರೆ ಹಲವು ಸ್ಥಾನಗಳಲ್ಲಿ ಅಳೆದು, ಅಳತೆಗಳನ್ನು ಕೂಡಿ, ಸ್ಥಾನಗಳ ಸಂಖ್ಯೆಯಿಂದ ಭಾಗಿಸಿ, ಹಾಗೆ ದೊರೆತ ಸಮಮಾನದಿಂದ ಘನಫಲವನ್ನು ತೆಗೆಯಬೇಕೆಂಬುದು ಅಲ್ಲಿಯ ನಿಯಮ. ಇಂದಿಗೂ ಕೆರೆಯ ಹೂಳಿನ ಪ್ರಮಾಣವನ್ನು ಅಂದಾಜುಮಾಡುವ ಇಂಜಿನಿಯರನು ಅನುಸರಿಸುವುದು ಇದೇ ನ್ಯಾಯವನ್ನು.

ನೆಲದಡಿಯ ಸುರಂಗಬಾವಿ

ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಒಯ್ದಾಗ, ಎತ್ತರದ ಮೇಲಿನ ಆ ನಗರಕ್ಕೆ ನೀರನ್ನು ಒದಗಿಸುವುದು ಮಹತ್ತರವಾದ ಸಮಸ್ಯೆಯಾಯಿತು. ಅದಕ್ಕೆ ದೊರೆತ ಪರಿಹಾರವೇ ಪಾರಸಿಕ ದೇಶದ ಕರೇಜ್ ಪದ್ಧತಿ. ನಮ್ಮ ಜನ ಅದನ್ನು ಸುರಂಗಬಾವಿಯೆನ್ನುತ್ತಾರೆ. ಮಳೆಯ ನೀರು ರಂಧ್ರಮಯವಾದ ಜಂಬಿಟ್ಟಿಗೆಯೊಳಗೆ ಇಳಿದು, ಅದರ ತಳದ ಜೇಡಿಮಣ್ಣಿನ ಪದರಕ್ಕೂ ಕರಿಕಲ್ಲಿಗೂ ತಡೆದು, ಪಕ್ಕಕ್ಕೆ ಸರಿಯತೊಡಗುತ್ತದೆ. ಅಲ್ಲಿಗೆ ಸರಿಯಾಗಿ ಸುರಂಗವೊಂದನ್ನು ಕೊರೆದು ಒರತೆಯನ್ನು ಹಿಡಿದರೆ, ಏತವಿಲ್ಲದೆ, ಕಪಿಲೆಯಿಲ್ಲದೆ, ಬಿಸಿಲಿಗೆ ಆವಿಯಾಗಿ ಹೋಗುವ ಭಯವಿಲ್ಲದೆ, ನೀರು ತನ್ನ ಭಾರದಿಂದಲೇ ಹರಿದು ಬರುವುದು. ಬೀದರದ ಬಳಿಯ ನೌಬಾದದ ಸುರಂಗವು ಹತ್ತಿರಹತ್ತಿರ 3 ಕಿಲೋಮೀಟರು ಉದ್ದವಿದ್ದು, ಅದರ ಉದ್ದಕ್ಕೂ ಇಪ್ಪತ್ತಕ್ಕೂ ಮಿಗಿಲಾದ ಗಾಳಿಬಾವಿಗಳಿವೆ. ಶುಕ್ಲತೀರ್ಥ ಮತ್ತು ಜಮನಾ ಮೋರಿಗಳೆಂಬ ಇನ್ನೆರಡು ಜಾಲಗಳೂ ಉಂಟು.

ಇದರ ಕಠಿಣಾಂಶವೆಲ್ಲ ಇಳಿಜಾರಿನಲ್ಲಿದೆ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನುಗ್ಗಿ ಸುರಂಗದ ಗೋಡೆಯನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ತುಂಬಿ ಹರಿವು ನಿಲ್ಲುತ್ತದೆ. ಸೂರ್ಯನನ್ನು ಕಾಣದ ಕತ್ತಲೆಯಲ್ಲಿ, ಬಾವಿಯಿಂದ ಬಾವಿಗೆ ದಿಕ್ಕು ತಪ್ಪದಂತೆ, ಮಟ್ಟ ಕೆಡದಂತೆ ಅಗೆಯಬೇಕಾದರೆ ಮೇಲಿನ ನೆಲವನ್ನು ಮೊದಲೇ ನಿಷ್ಕೃಷ್ಟವಾಗಿ ಅಳೆದಿರಬೇಕು. ಈ ವಿದ್ಯೆಯನ್ನು ಶಾಸ್ತ್ರರೂಪದಲ್ಲಿ ಬರೆದವರಲ್ಲಿ ಅಗ್ರಗಣ್ಯನಾದ ಅಲ್-ಕರಜಿಯು ಬೀಜಗಣಿತದ ಮಹಾವಿದ್ವಾಂಸನೂ ಆಗಿದ್ದನೆಂಬುದು ಅರ್ಥಪೂರ್ಣವಾಗಿದೆ. ದ್ವಿಪದಗಳ ಘಾತಗಳನ್ನು ಬಿಡಿಸುವಾಗ ಬರುವ ಗುಣಾಂಕಗಳನ್ನು ಕೋಷ್ಟಕವಾಗಿ ಜೋಡಿಸಿದ ಆ ಪಂಡಿತನೇ, 1017ರ ಸುಮಾರಿಗೆ, ಗುಪ್ತಜಲವನ್ನು ಹೊರತೆಗೆಯುವ ವಿಧಾನವನ್ನೂ ಮಟ್ಟ ನೋಡುವ ಉಪಕರಣಗಳನ್ನೂ ವಿವರಿಸಿ ಗ್ರಂಥ ಬರೆದನು. ಬೀದರದ ಸುರಂಗಗಳನ್ನು ತೋಡಿದವರು ಇಂತಹ ವಿದ್ಯೆಯ ವಾರಸುದಾರರು. ಶತಮಾನಗಳ ವಿಸ್ಮೃತಿಯ ಬಳಿಕ ಭೂಗೋಳಶಾಸ್ತ್ರಜ್ಞರಾದ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು ಈ ಜಾಲವನ್ನು ಶೋಧಿಸಿ ನಕ್ಷೆಗಿಳಿಸಿದರು. ಅನಂತರ ನೌಬಾದದ ಸುರಂಗದ ಹೂಳನ್ನು ತೆಗೆಯುವ ಕಾರ್ಯವೂ ನಡೆಯಿತು.

ವಿದ್ಯಾಲಯದ ಕನಸು

ಬಹಮನಿ ಅರಸರಲ್ಲಿ ಗಣಿತಪ್ರೇಮವು ರಾಜಧಾನಿಯು ಬೀದರಕ್ಕೆ ಬರುವ ಮೊದಲೇ ಬೇರೂರಿತ್ತು. ಅಹ್ಮದನ ಅಣ್ಣನಾದ ಫಿರೋಜ್ ಶಾಹನು ವಾರದ ಕೆಲವು ದಿನಗಳಲ್ಲಿ ತಾನೇ ಗಣಿತ, ರೇಖಾಗಣಿತಗಳನ್ನು ಬೋಧಿಸುತ್ತಿದ್ದನೆಂದೂ, 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆಯೊಂದನ್ನು ಆರಂಭಿಸಿದನೆಂದೂ ಇತಿಹಾಸಕಾರ ಫಿರಿಶ್ತನು ಬರೆದಿದ್ದಾನೆ. ಅದರ ಭಾರ ಹೊತ್ತಿದ್ದ ವಿದ್ವಾಂಸನು ತೀರಿಕೊಂಡದ್ದರಿಂದ ಆ ಕಾರ್ಯ ಅಪೂರ್ಣವಾಯಿತು. ಆ ಆಸೆಯನ್ನು ಬೇರೊಂದು ರೂಪದಲ್ಲಿ ನೆರವೇರಿಸಿದವನು ಗೀಲಾನ್ ಪ್ರಾಂತದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನ್. 1472ರಲ್ಲಿ ಪೂರ್ಣಗೊಂಡ ಆತನ ಮೂರಂತಸ್ತಿನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಭಂಡಾರವಿತ್ತೆಂದು ಪ್ರತೀತಿ. ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಾಗಿಸಿ, ಭೂಮಿಯನ್ನು ಅಳೆಯಿಸಿ, ಅಳತೆಗೆ ತಕ್ಕಂತೆ ಕಂದಾಯ ಗೊತ್ತುಪಡಿಸಿದ ಆ ಮಂತ್ರಿಗೆ ರೇಖಾಗಣಿತವು ಪ್ರಜಾಕ್ಷೇಮದ ಉಪಕರಣವೂ ಆಗಿತ್ತು. ಒಳಸಂಚಿಗೆ ಸಿಕ್ಕಿ 1481ರಲ್ಲಿ ಆತನು ವಧೆಗೊಳಗಾದನು. ಹದಿನೇಳನೆಯ ಶತಮಾನದ ಅಂತ್ಯದಲ್ಲಿ ಸಿಡಿಮದ್ದಿನ ಸ್ಫೋಟದಿಂದ ಕಟ್ಟಡವು ಭಗ್ನವಾಯಿತು. ಆದರೂ ಉಳಿದ ಮಿನಾರೂ ನೀಲಿ ಹೆಂಚಿನ ಅಲಂಕಾರವೂ ಆ ಧೀಮಂತಿಕೆಗೆ ಸಾಕ್ಷಿಗಳಾಗಿವೆ.

ಮಾಂಜ್ರೆಯ ಕಟ್ಟೆಗಳು

1956ರವರೆಗೆ ಬೀದರವು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ರಾಜಧಾನಿಯನ್ನು ಧ್ವಂಸಮಾಡಿತು. ಮರುವರ್ಷ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಸುರಿದ ಮಳೆಯನ್ನೂ ಜಲಾನಯನದ ವಿಸ್ತಾರವನ್ನೂ ಲೆಕ್ಕಹಾಕಿ, ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟುವುದೇ ರಕ್ಷಣೆಯ ಮಾರ್ಗವೆಂದು ಸೂಚಿಸಿದರು. ಅದೇ ಸಂಸ್ಥಾನದ ಮುಖ್ಯ ಇಂಜಿನಿಯರಾದ ನವಾಬ್ ಅಲಿ ನವಾಜ್ ಜಂಗರು, 1877ರಲ್ಲಿ ಜನಿಸಿ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಶಿಕ್ಷಣ ಪಡೆದವರು, ನಮ್ಮ ಮಾಂಜ್ರಾ ನದಿಗೆ ಬೀದರದಿಂದ ಕೆಳಗಡೆ ನಿಜಾಮಸಾಗರವನ್ನು 1923ರಿಂದ 1931ರವರೆಗೆ ಕಟ್ಟಿಸಿದರು. ಭಾಲ್ಕಿ, ಔರಾದ ಸೀಮೆಗಳನ್ನು ಹಾದುಬಂದ ನೀರು ಹೀಗೆ ನೆರೆನಾಡಿನ ಗದ್ದೆಗಳಿಗೆ ಹರಿಯಿತು. ಮಾಂಜ್ರೆಯ ಉಪನದಿಯಾದ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು ಈಗ ಜಿಲ್ಲೆಯ ಮುಖ್ಯ ಜಲಾಧಾರವಾಗಿದೆ.

ಬೀದರದಲ್ಲಿ 1980ರಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜೂ, ಭಾಲ್ಕಿಯಲ್ಲಿ 1982ರಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದುದರಿಂದ, ಗಡಿನಾಡಿನ ರೈತನ ಮಗನಿಗೂ ಮಗಳಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಆ ವಿದ್ಯಾರ್ಥಿಗಳು ಪಠ್ಯದ ಪ್ರಮೇಯಗಳ ಜೊತೆಗೆ ನೌಬಾದದ ಇಳಿಜಾರನ್ನು ತಾವೇ ಅಳೆಯಬೇಕು. ಊರಕೆರೆಯ ಹೂಳನ್ನು ಭಾಸ್ಕರನ ಸಮಮಾನದಿಂದ ಲೆಕ್ಕಮಾಡಿ ಗ್ರಾಮಪಂಚಾಯಿತಿಗೆ ಒಪ್ಪಿಸಬೇಕು. ಪೂರ್ವಿಕರ ಸ್ತುತಿಯಿಂದ ಬರಗಾಲ ನೀಗುವುದಿಲ್ಲ. ಅವರು ಅಳೆದಂತೆ ಅಳೆದು, ಅವರು ಕಟ್ಟಿದಂತೆ ಕಟ್ಟಿದಾಗ ಮಾತ್ರ ಆ ವಿದ್ಯೆ ನಮ್ಮದೆನ್ನುವ ಹಕ್ಕು ನಮಗೆ ಪ್ರಾಪ್ತವಾಗುವುದು.