ಲಾರಿಯ ಹೊಗೆಕೊಳವೆ: ಸಲ್ಲುವ ಮಾರ್ಪಾಡು, ಸಲ್ಲದ ಮಾರ್ಪಾಡು

(ವ್ಯವಸಾಯದ ಇನ್ಸ್‌ಪೆಕ್ಟರು, ಎಲ್. ಏಜಿ., ಇವರಿಂದ)

ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮಗಳ ಅನೇಕ ಜಮೀನುದಾರರು ಕಬ್ಬು, ಟೊಮೇಟೊ, ಮೆಕ್ಕೆಜೋಳ ಮುಂತಾದ ಫಸಲುಗಳನ್ನು ಪೇಟೆಗೆ ಸಾಗಿಸುವುದಕ್ಕಾಗಿ ಸ್ವಂತ ಲಾರಿಗಳನ್ನು ಇಟ್ಟುಕೊಂಡಿರುವರು. ಎತ್ತು ಮೇವು ಬಿಟ್ಟರೆ ಅದರ ಕಾರಣವನ್ನು ನಮ್ಮ ರೈತನು ಕೂಡಲೆ ಗ್ರಹಿಸಬಲ್ಲನು. ಲಾರಿಯು ದಿಣ್ಣೆ ಹತ್ತಲಾರದೆ ಹೋದರೆ ಮಾತ್ರ ಮೆಕ್ಯಾನಿಕ್ಕು ಹೇಳಿದುದೇ ವೇದವಾಕ್ಯವಾಗುತ್ತದೆ. “ಹೊಗೆಕೊಳವೆಯೊಳಗಿನ ಪೆಟ್ಟಿಗೆಯನ್ನು ಕಿತ್ತುಹಾಕಿದರೆ ಬಲವೂ ಬರುತ್ತದೆ, ಎಣ್ಣೆಯೂ ಉಳಿಯುತ್ತದೆ” ಎಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಈ ಮಾತನ್ನು ನಂಬುವುದರಿಂದ ಒದಗುವ ನಷ್ಟವನ್ನೂ, ಕೊಳವೆಯಲ್ಲಿ ನ್ಯಾಯವಾಗಿ ಮಾಡಿಸಬಹುದಾದ ಕೆಲಸಗಳನ್ನೂ ತಿಳಿಸುವುದೇ ಈ ಲೇಖನದ ಉದ್ದೇಶವು.

2023ನೆಯ ಇಸವಿಯಲ್ಲಿ ನಾನು ಸರ್ಕೀಟಿನಲ್ಲಿದ್ದಾಗ ಜಮೀನುದಾರರೊಬ್ಬರು ತಮ್ಮ ಕಷ್ಟವನ್ನು ಹೇಳಿಕೊಂಡರು. ಅವರು 2021ರಲ್ಲಿ ಕೊಂಡ ಲಾರಿಯು ಎರಡು ಸುಗ್ಗಿ ಚೆನ್ನಾಗಿ ನಡೆದು, ತರುವಾಯ ಬಲಗುಂದಿ, ಚಾಲಕನ ಮುಂದಿನ ಹಲಗೆಯಲ್ಲಿ ಎಚ್ಚರಿಕೆಯ ದೀಪವನ್ನು ತೋರಿಸಹತ್ತಿತು. ರಸ್ತೆಬದಿಯ ಮೆಕ್ಯಾನಿಕ್ಕೊಬ್ಬನು ಪೆಟ್ಟಿಗೆಯ ಒಳಭಾಗವನ್ನು ಒಡೆದು ತೆಗೆದು, ದೀಪವು ಹತ್ತದಂತೆ ಇಂಜನ್ನಿನ ಕಂಪ್ಯೂಟರನ್ನು ತಿದ್ದಿಕೊಟ್ಟನು. ಯೋಗ್ಯತಾಪತ್ರವನ್ನು ನವೀಕರಿಸುವ ಕಾಲ ಬಂದಾಗ ಲಾರಿಯು ಹೊಗೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹೊಸ ಪೆಟ್ಟಿಗೆಗಾಗಿ ಅವರು ಆ ವರ್ಷದ ರಾಗಿಯ ಹುಟ್ಟುವಳಿಯನ್ನೆಲ್ಲಾ ಮಾರಬೇಕಾಯಿತು. “ಸ್ವಾಮಿ, ಐನೂರು ರೂಪಾಯಿ ಉಳಿಸಹೋಗಿ ಮನೆಯ ಕಣಜವನ್ನೇ ಬರಿದುಮಾಡಿಕೊಂಡೆ” ಎಂದು ಅವರು ನಿಟ್ಟುಸಿರುಬಿಟ್ಟರು. ಕಡೆಗೆ ನೋಡಿದರೆ ಮೂಲದೋಷವಿದ್ದುದು ಹೊಗೆಕೊಳವೆಯಲ್ಲಲ್ಲ. ಇಂಜನ್ನಿಗೆ ಗಾಳಿಯನ್ನು ಸೋಸಿಕೊಡುವ ಏರ್ ಫಿಲ್ಟರು ನಮ್ಮ ಮಣ್ಣುದಾರಿಯ ಧೂಳಿನಿಂದ ಗಟ್ಟಿಯಾಗಿ ಕಟ್ಟಿಕೊಂಡಿತ್ತು.

ಹೊಗೆಯು ಶುದ್ಧವಾಗುವ ಬಗೆ

ಡೀಸಲ್ ಎಣ್ಣೆಯು ಪೂರ್ಣವಾಗಿ ಉರಿಯಬೇಕಾದರೆ ಸಾಕಷ್ಟು ಗಾಳಿ ಬೇಕು. ಗಾಳಿ ಕಡಮೆಯಾದರೆ ಉರಿಯದ ಇಂಗಾಲವು ಮಸಿಯಾಗಿ, ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಕಪ್ಪು ಹೊಗೆಯೆಂದರೆ ಬಲದ ಗುರುತಲ್ಲ, ಹಣಕೊಟ್ಟು ತಂದ ಎಣ್ಣೆಯು ವ್ಯರ್ಥವಾಗುತ್ತಿರುವ ಗುರುತು. ಹೊಗೆಯು ನೀಲಿಯಾಗಿದ್ದರೆ ಇಂಜನ್ನಿನ ಕೀಲೆಣ್ಣೆಯು ಉರಿಯುತ್ತಿದೆಯೆಂದು ತಿಳಿಯಬೇಕು.

2020ನೆಯ ಇಸವಿ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಮಾನವು ಜಾರಿಗೆ ಬಂದಿತು. ಅದರೊಡನೆ ಡೀಸಲ್ಲಿನಲ್ಲಿರುವ ಗಂಧಕದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು. ಈ ಮಾನದ ದೊಡ್ಡ ಲಾರಿಗಳ ಹೊಗೆಯು ಸಾಮಾನ್ಯವಾಗಿ ಮೂರು ಹಂತಗಳನ್ನು ದಾಟಿ ಹೊರಬರುತ್ತದೆ. ಮೊದಲನೆಯದರಲ್ಲಿ ವಿಷಾನಿಲಗಳು ಸುಟ್ಟುಹೋಗುತ್ತವೆ. ಎರಡನೆಯದು ಡಿ.ಪಿ.ಎಫ್. ಎಂದು ಮೆಕ್ಯಾನಿಕ್ಕುಗಳು ಕರೆಯುವ ಮಸಿಶೋಧಕ. ಜೇನುಹಟ್ಟಿಯಂಥ ಸಣ್ಣ ಗೂಡುಗಳಲ್ಲಿ ಇದು ಮಸಿಯನ್ನು ಹಿಡಿದಿಟ್ಟು, ಆಗಾಗ್ಗೆ ಹೆಚ್ಚು ಶಾಖದಿಂದ ತಾನೇ ಸುಟ್ಟುಬಿಡುತ್ತದೆ. ಮೂರನೆಯದರಲ್ಲಿ ಯೂರಿಯಾ ದ್ರಾವಣವು ಹೊಗೆಯೊಳಕ್ಕೆ ಸಿಂಪಡಿಸಲ್ಪಟ್ಟು, ಅದರಿಂದ ಹುಟ್ಟುವ ಅಮೋನಿಯವು ನೈಟ್ರೋಜನ್ ಆಕ್ಸೈಡುಗಳನ್ನು ನಿರಪಾಯವಾದ ನೈಟ್ರೋಜನ್ನು ಮತ್ತು ನೀರಾವಿಯನ್ನಾಗಿ ಮಾಡುತ್ತದೆ.

ಇದು ಪಟ್ಟಣದವರಿಗೆ ಮಾತ್ರ ಬೇಕಾದ ಏರ್ಪಾಡೆಂದು ಯಾರೂ ಭಾವಿಸಕೂಡದು. ಡೀಸಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2012ರಲ್ಲಿ ನಿರ್ಣಯಿಸಿತು. ಲಾರಿಯ ಹಿಂದೆ ನಿಂತು ಮೂಟೆ ಹೇರುವವರು ನಮ್ಮ ಆಳುಮಕ್ಕಳೇ ಅಲ್ಲವೇ?

ಕಾನೂನಿನ ನಿಬಂಧನೆಗಳು

ಮೋಟಾರು ವಾಹನಗಳ 1988ನೆಯ ಇಸವಿಯ ಅಧಿನಿಯಮದ 52ನೆಯ ಪ್ರಕರಣದ ಪ್ರಕಾರ, ವಾಹನವನ್ನು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಡಿಸಕೂಡದು. 2019ರ ತಿದ್ದುಪಡಿಯು ಇಂಥ ಅಕ್ರಮವಾದ ಪ್ರತಿಯೊಂದು ಮಾರ್ಪಾಡಿಗೂ ಮಾಲಿಕನಿಗೆ 5,000 ರೂಪಾಯಿ ಜುಲ್ಮಾನೆಯನ್ನಾಗಲಿ, ಆರು ತಿಂಗಳವರೆಗಿನ ಸಜೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಿತು. ಹೊಗೆ ಮತ್ತು ಶಬ್ದದ ಮಾನಗಳನ್ನು ಮೀರಿದ ವಾಹನವನ್ನು ಓಡಿಸುವವನಿಗೂ, ಓಡಿಸಗೊಡುವ ಮಾಲಿಕನಿಗೂ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ಜುಲ್ಮಾನೆಯನ್ನಾಗಲಿ, ಮೂರು ತಿಂಗಳವರೆಗೆ ಸಜೆಯನ್ನಾಗಲಿ, ಎರಡನ್ನೂ ಆಗಲಿ ಅದೇ ತಿದ್ದುಪಡಿಯು ಗೊತ್ತುಮಾಡಿತು. “ಮೆಕ್ಯಾನಿಕ್ಕು ಮಾಡಿದನು, ನನಗೆ ತಿಳಿಯದು” ಎಂಬ ಉತ್ತರವು ಮಾಲಿಕನನ್ನು ಉಳಿಸಲಾರದು.

1989ರ ಕೇಂದ್ರ ನಿಯಮಗಳ ಪ್ರಕಾರ ಟ್ರಾಕ್ಟರೂ ಸೇರಿ ಪ್ರತಿಯೊಂದು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಹೊಗೆಕೊಳವೆಯು ಎಣ್ಣೆಯ ಕೊಳವೆಗೆ 35 ಮಿಲಿಮೀಟರಿಗಿಂತ ಸಮೀಪದಲ್ಲಿ ಇರಕೂಡದು. ಹೊಗೆಯ ಪರೀಕ್ಷಾಪತ್ರವು ಬಿ.ಎಸ್. 4 ಮತ್ತು ತರುವಾಯದ ವಾಹನಗಳಿಗೆ ಒಂದು ವರ್ಷವೂ, ಹಳೆಯವುಗಳಿಗೆ ಆರು ತಿಂಗಳೂ ಸಲ್ಲುತ್ತದೆ.

ಮಾಡಿಸಬಹುದಾದುವು, ಮಾಡಿಸಬಾರದುವು

ನೆನಪಿಡಬೇಕಾದ ಸೂತ್ರವು ಒಂದೇ: ಹೊಗೆಯನ್ನು ಸಾಗಿಸುವ ಭಾಗವನ್ನು ದುರಸ್ತಿಮಾಡಬಹುದು, ಹೊಗೆಯನ್ನು ಶುದ್ಧಿಮಾಡುವ ಭಾಗವನ್ನು ಕೀಳಬಾರದು.

(1) ತುಕ್ಕುಹಿಡಿದ ಹಿಂಬದಿಯ ಕೊಳವೆಯನ್ನು ಮೊದಲಿನಷ್ಟೇ ಅಗಲದ, ಮೊದಲಿನ ದಿಕ್ಕಿನ ಕೊಳವೆಯಿಂದ ಬದಲಾಯಿಸಬಹುದು. ಅಗಲವು ಕುಗ್ಗಿದರೆ ಹೊಗೆಯ ಒತ್ತಡವು ಇಂಜನ್ನಿನ ಮೇಲೆಯೇ ತಿರುಗುತ್ತದೆ.

(2) ಸೋರುವ ಗ್ಯಾಸ್ಕೆಟ್ಟು, ಸಡಿಲವಾದ ಪಟ್ಟಿ, ಕೊಳವೆಯನ್ನು ತೂಗುಹಾಕುವ ರಬ್ಬರು ಇವುಗಳನ್ನು ಹೊಸದಾಗಿ ಹಾಕಿಸಬಹುದು, ಹಾಕಿಸಲೇಬೇಕು.

(3) ಕೊಳವೆಗೂ ಲಾರಿಯ ಹಲಗೆಗೂ ನಡುವೆ ಶಾಖವನ್ನು ತಡೆಯುವ ತಗಡು ಬಿದ್ದುಹೋಗಿದ್ದರೆ ಅದನ್ನು ತಪ್ಪದೆ ಮರಳಿ ಕಟ್ಟಿಸತಕ್ಕದ್ದು.

(4) ಸೈಲೆನ್ಸರನ್ನು ಬದಲಾಯಿಸುವುದಾದರೆ ಅದೇ ಮಾದರಿಯ ಲಾರಿಗೆ ತಯಾರಕರು ಒಪ್ಪಿದುದನ್ನೇ ಹಾಕಿಸಬೇಕು.

(5) ಮಸಿಶೋಧಕವನ್ನು ಟೊಳ್ಳುಮಾಡುವುದು, ಕೊಳವೆಗೆ ಚುಚ್ಚಿರುವ ಸೆನ್ಸರುಗಳನ್ನು ಕೀಳುವುದು, ಕಂಪ್ಯೂಟರನ್ನು ತಿದ್ದುವುದು, ಇವು ಮೂರೂ ಸಲ್ಲವು.

ಬಲ ಕಡಮೆಯಾದಾಗ ಮೊದಲು ಏರ್ ಫಿಲ್ಟರನ್ನೂ, ಆಮೇಲೆ ಟರ್ಬೊವಿನಿಂದ ಬರುವ ರಬ್ಬರು ಕೊಳವೆಗಳನ್ನೂ, ಅನಂತರ ಇಂಜೆಕ್ಟರುಗಳನ್ನೂ ನೋಡಿಸಿರಿ. ಇವುಗಳ ದೋಷದಿಂದಲೇ ಮಸಿಯು ಹೆಚ್ಚಿ, ಶೋಧಕವು ಕಟ್ಟಿಕೊಳ್ಳುತ್ತದೆ. ಕೀಲೆಣ್ಣೆಯ ಬೂದಿಯು ಮಾತ್ರ ಶೋಧಕದಲ್ಲಿ ಸುಟ್ಟುಹೋಗದೆ ಉಳಿಯುವುದರಿಂದ, ತಯಾರಕರು ಹೇಳಿದ ಕಡಮೆ ಬೂದಿಯ ಎಣ್ಣೆಯನ್ನೇ ಹಾಕಿ, ಗೊತ್ತಾದ ಅವಧಿಗೆ ಶೋಧಕವನ್ನು ಶುಚಿಮಾಡಿಸತಕ್ಕದ್ದು.

ಗೊಬ್ಬರದ ಯೂರಿಯಾ ಲಾರಿಗೆ ಸಲ್ಲದು

ನಮ್ಮ ಇಲಾಖೆಗೆ ನೇರವಾಗಿ ಸಂಬಂಧಪಟ್ಟ ವಿಷಯವಿದು. ಲಾರಿಗೆ ಹಾಕುವ ಡೆಫ್ ದ್ರಾವಣದಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದುದು ಲವಣರಹಿತವಾದ ನೀರು. ಇದನ್ನು ಕೇಳಿದ ಕೆಲವರು ಗೊಬ್ಬರದ ಮೂಟೆಯನ್ನು ಬಿಚ್ಚಿ, ಕೊಳವೆಬಾವಿಯ ನೀರಿನಲ್ಲಿ ಕರಗಿಸಿ ಟ್ಯಾಂಕಿಗೆ ಸುರಿಯುತ್ತಿರುವರು. ಇದು ದೊಡ್ಡ ತಪ್ಪು. 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲಾ ಬೇವಿನ ಎಣ್ಣೆಯ ಲೇಪವಿದೆ. ಗೊಬ್ಬರದಲ್ಲಿ ಬೈಯೂರೆಟ್ ಎಂಬ ಕಲ್ಮಷವು ನೂರಕ್ಕೆ 1.5ರವರೆಗೆ ಇರಬಹುದು, ಡೆಫ್ ದ್ರಾವಣದಲ್ಲಿ 0.3ನ್ನು ಮೀರುವಂತಿಲ್ಲ. ಡೆಫ್ ದ್ರಾವಣದ ಒಂದು ಕಿಲೋಗ್ರಾಮಿನಲ್ಲಿ ಸುಣ್ಣದ ಅಂಶವು ಅರ್ಧ ಮಿಲಿಗ್ರಾಮನ್ನು ಮೀರಬಾರದು. ನಮ್ಮ ಕೊಳವೆಬಾವಿಗಳ ಗಡಸು ನೀರು ಇದಕ್ಕೆ ಬಹುದೂರ. ಈ ಕಲ್ಮಷಗಳೆಲ್ಲಾ ಸಿಂಪಡಿಸುವ ಮೂತಿಯಲ್ಲಿಯೂ ಶುದ್ಧಿಪೆಟ್ಟಿಗೆಯಲ್ಲಿಯೂ ಗಟ್ಟಿಕಟ್ಟಿ, ಅವುಗಳನ್ನು ಕೆಡಿಸಿಬಿಡುತ್ತವೆ.

ದೊಡ್ಡ ಲಾರಿಗೆ 100 ಲೀಟರು ಡೀಸಲ್ಲಿಗೆ ಸುಮಾರು 3ರಿಂದ 5 ಲೀಟರು ಡೆಫ್ ಸಾಕು. ಇಷ್ಟು ಅಲ್ಪದರಲ್ಲಿ ಉಳಿತಾಯಮಾಡಹೋಗಿ ಲಾರಿಯನ್ನು ಕೆಡಿಸುವುದು ಬುದ್ಧಿವಂತಿಕೆಯಲ್ಲ. ಅದಲ್ಲದೆ, ಗೊಬ್ಬರವನ್ನು ಭೂಮಿಯ ಸಾರಕ್ಕೂ ಬೆಳೆಗೂ ಹೊರತು ಬೇರೆ ಕೆಲಸಕ್ಕೆ ಉಪಯೋಗಿಸುವುದನ್ನು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯು ನಿಷೇಧಿಸಿದೆ. ಉಲ್ಲಂಘಿಸಿದವರು 1955ರ ಅವಶ್ಯಕ ವಸ್ತುಗಳ ಅಧಿನಿಯಮದ ಮೇರೆಗೆ ಶಿಕ್ಷೆಗೆ ಗುರಿಯಾಗುವರು. ಬಿತ್ತನೆಯ ಕಾಲದಲ್ಲಿ ಒಂದು ಮೂಟೆಗಾಗಿ ಬಡರೈತನು ಸೊಸೈಟಿಯ ಮುಂದೆ ಸಾಲಿನಲ್ಲಿ ನಿಂತಿರುವಾಗ, ಸಹಾಯಧನದ ಗೊಬ್ಬರವನ್ನು ಲಾರಿಗೆ ಕುಡಿಸುವುದು ನ್ಯಾಯವೂ ಅಲ್ಲ.

ಒಣಹುಲ್ಲು ಮತ್ತು ಬೆಂಕಿ

ಶೋಧಕವು ತನ್ನ ಮಸಿಯನ್ನು ಸುಡುವಾಗ ಒಳಗಿನ ಶಾಖವು ಸುಮಾರು 600 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಒಣಹುಲ್ಲು ಇದಕ್ಕಿಂತ ಬಹಳ ಕಡಮೆ ಶಾಖಕ್ಕೇ ಹೊತ್ತಿಕೊಳ್ಳುವುದು. ಆದುದರಿಂದ ಲಾರಿಯನ್ನು ಕಣದ ಹುಲ್ಲಿನ ಮೇಲಾಗಲಿ, ಬಣವೆಯ ಪಕ್ಕದಲ್ಲಾಗಲಿ ನಿಲ್ಲಿಸಕೂಡದು. ಹುಲ್ಲು ಹೇರುವಾಗ ಕೊಳವೆಯ ಕಡೆಗೆ ಎಳೆಗಳು ಜೋತುಬೀಳದಂತೆ ಕಟ್ಟಬೇಕು. ಹುರುಳಿ, ರಾಗಿ ಮುಂತಾದುವನ್ನು ಒಕ್ಕಣೆಗಾಗಿ ರಸ್ತೆಯಲ್ಲಿ ಹರಡುವ ರೂಢಿಯು ಈ ಕಾರಣಕ್ಕಾಗಿಯೇ ಬಹು ಅಪಾಯಕರವು; ಹುರುಳಿಯ ಬಳ್ಳಿಯು ವಾಹನದ ಅಡಿಯಲ್ಲಿ ಸುತ್ತಿಕೊಂಡರೆ ಬಿಸಿಯಾದ ಭಾಗಗಳಿಗೆ ತಗುಲಿ ಉರಿಯುತ್ತದೆ. ಗ್ರಾಮದ ಮುಖಂಡರು ಸುಗ್ಗಿಗೆ ಮುಂಚೆಯೇ ಸಾಮಾನ್ಯ ಕಣವೊಂದನ್ನು ಏರ್ಪಡಿಸಿ, ಈ ರೂಢಿಯನ್ನು ನಿಲ್ಲಿಸಿದರೆ ಪ್ರಾಣಹಾನಿಯನ್ನು ತಪ್ಪಿಸಿದ ಪುಣ್ಯವು ಅವರಿಗೆ ಬರುವುದು.

ಲಾರಿಯನ್ನು ಮೆಕ್ಯಾನಿಕ್ಕಿನ ಕೈಗೆ ಒಪ್ಪಿಸುವಾಗ ಮಾಲಿಕನು ಹತ್ತಿರ ನಿಂತು, “ಏನನ್ನು ತೆಗೆಯುವೆ, ಅದರ ಸ್ಥಾನದಲ್ಲಿ ಏನನ್ನು ಹಾಕುವೆ?” ಎಂದು ಕೇಳಿ, ಕೆಲಸದ ವಿವರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು. ತೆಗೆದುದಕ್ಕೆ ಪ್ರತಿಯಾಗಿ ಹಾಕುವುದು ಏನೂ ಇಲ್ಲವೆಂದರೆ, ಆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿಬಿಡುವುದು ಕ್ಷೇಮಕರವು.